ಒಂದು ಮನೆ, ಮೂರು ಚಾವಣಿ: ಹಟ್ಟಿಯ ಗಣಿ ಕಾರ್ಮಿಕರ ಮನೆಯೊಂದನ್ನು ಕಾಗದಕ್ಕೆ ಇಳಿಸಿದ ಬಗೆ

[ದೃಶ್ಯ: ಬೆಳಗಿನ ಏಳು ಗಂಟೆ. ಕಿರಿದಾದ ಓಣಿ. ಉದ್ದನೆಯ ಗೋಡೆಯೊಂದರ ಮೇಲೆ ಎಳೆಬಿಸಿಲು. ಹಿನ್ನೆಲೆಯಲ್ಲಿ ಗಣಿಯ ಶಾಫ್ಟ್ ಗೋಪುರ.]

ನಮಸ್ಕಾರ. ಮಾತಿಗೆ ಮೊದಲು ಈ ಗೋಡೆಯನ್ನು ನೋಡಿ. ಕ್ಯಾಮೆರಾ ಎಡದಿಂದ ಬಲಕ್ಕೆ ಸರಿಯುತ್ತದೆ. ಇದು ಕಲ್ಲು. ಇಲ್ಲಿ ಕಲ್ಲು ಮುಗಿದು ಇಟ್ಟಿಗೆ ಶುರುವಾಯಿತು. ಅಗೋ, ಆ ನೀರಿನ ಪೈಪಿನ ಆಚೆಗೆ ಸಿಮೆಂಟ್ ಬ್ಲಾಕ್. ಓಣಿಯಲ್ಲಿ ಹಾದುಹೋಗುವವರಿಗೆ ಇದು ತೇಪೆ ಹಾಕಿದ ಹಳೆಯ ಗೋಡೆ. ನನಗೆ ಇದು ಒಂದು ಕುಟುಂಬದ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಲೆಕ್ಕದ ಪುಸ್ತಕ. ಈ ಪುಸ್ತಕ ಇನ್ನು ಕೆಲವೇ ತಿಂಗಳು ಇರುತ್ತದೆ. ದೀಪಾವಳಿ ಕಳೆದ ಮೇಲೆ ಮನೆಯವರು ಇದನ್ನು ಕೆಡವಿ ಹೊಸದು ಕಟ್ಟಿಸುತ್ತಾರೆ.

ಕಟ್ಟಿಸಲಿ. ಸೋರುವ ಮನೆಯಲ್ಲಿ ವಾಸಿಸುವವರಿಗೆ ಪರಂಪರೆಯ ಪಾಠ ಹೇಳುವ ಹಕ್ಕು ನನಗಿಲ್ಲ. ಕೆಡವುವ ಮೊದಲು ನಾಲ್ಕು ದಿನ ಕೊಡಿ ಎಂದು ಕೇಳಿಕೊಂಡೆ, ಕೊಟ್ಟರು. ಆ ನಾಲ್ಕು ದಿನ ಮಾಡಿದ ಕೆಲಸವನ್ನು ನಿಮ್ಮ ಮುಂದಿಡುತ್ತೇನೆ. ನಿಮ್ಮ ಊರಿನಲ್ಲೂ ಇಂಥ ಮನೆ ಇರುತ್ತದೆ.

[ದೃಶ್ಯ: ರಾಯಚೂರು ಜಿಲ್ಲೆಯ ನಕ್ಷೆ. ಲಿಂಗಸುಗೂರು, ಹಟ್ಟಿ, ಮಸ್ಕಿ ಗುರುತು.]

ನಾವಿರುವುದು ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ. ಇಲ್ಲಿನ ಚಿನ್ನದ ಕಥೆ ಬಹಳ ಹಿಂದಿನದು. ಹಳೆಯ ಗಣಿಗುಂಡಿಗಳಲ್ಲಿ ಸಿಕ್ಕ ಕಟ್ಟಿಗೆಯನ್ನು ಕಾರ್ಬನ್ ಪರೀಕ್ಷೆಗೆ ಒಳಪಡಿಸಿದಾಗ ಸುಮಾರು 2000 ವರ್ಷಗಳ ವಯಸ್ಸು ಬಂದಿತ್ತು. ಪಕ್ಕದ ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನವನ್ನು 1915ರಲ್ಲಿ ಗುರುತಿಸಿದ ಬೀಡನ್ ಸಹ ಚಿನ್ನ ಹುಡುಕಿಕೊಂಡು ಬಂದ ಗಣಿ ಎಂಜಿನಿಯರ್. ನಿಜಾಮರ ಕಾಲದಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿ ಗಣಿ ನಡೆಸಿದರು. 1920ರ ಹೊತ್ತಿಗೆ ಅದು ನಿಂತಿತು. ಬಳಿಕ 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಕಂಪನಿ ಹುಟ್ಟಿತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗ ಅದೇ ಹಟ್ಟಿ ಗೋಲ್ಡ್ ಮೈನ್ಸ್ ಆಯಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಹಟ್ಟಿ ಇಂದಿಗೂ ನಡೆಯುತ್ತಿದೆ.

ಕೋಲಾರದ ಬ್ರಿಟಿಷ್ ಬಂಗಲೆಗಳ ಚಿತ್ರಗಳನ್ನು ನೀವು ಎಷ್ಟೋ ಕಡೆ ನೋಡಿರುತ್ತೀರಿ. ಆದರೆ ಸುರಂಗಕ್ಕೆ ಇಳಿದವರು ರಾತ್ರಿ ಮಲಗಿದ ಮನೆ ಹೇಗಿತ್ತು? ಒಲೆ ಎಲ್ಲಿತ್ತು, ಗಾಳಿ ಎಲ್ಲಿಂದ ಬರುತ್ತಿತ್ತು, ಪಾಳಿ ಮುಗಿಸಿ ಬಂದವನು ಎಲ್ಲಿ ಮೈ ತೊಳೆಯುತ್ತಿದ್ದ? ಅದನ್ನು ಅಳತೆ ಹಿಡಿದು ಬರೆದಿಟ್ಟವರನ್ನು ನಾನು ಹೆಚ್ಚು ಕಂಡಿಲ್ಲ. ಆ ನೋವಿನಿಂದಲೇ ಈ ಕೆಲಸಕ್ಕೆ ಕೈ ಹಾಕಿದೆ.

[ದೃಶ್ಯ: ಹೊಸ್ತಿಲು. ಒಳಗೆ ಕತ್ತಲು. ಟಾರ್ಚ್ ಬೆಳಕು ತೊಲೆಗಳ ಮೇಲೆ ಹರಿಯುತ್ತದೆ.]

ಇದು ಮೂಲ ಮನೆ. ಎರಡು ಅಂಕಣದ, ಅಂದರೆ ಎರಡು ಭಾಗದ, ಮಾಳಿಗೆ ಮನೆ. ಮಣ್ಣು ಹೊದೆಸಿದ ಸಮತಟ್ಟು ಚಾವಣಿಗೆ ಇಲ್ಲಿ ಮಾಳಿಗೆ ಎನ್ನುತ್ತಾರೆ. ಮುಂದೆ ಪಡಸಾಲೆ, ಒಳಗೆ ಅಡುಗೆ. ಕಲ್ಲು ಮತ್ತು ಕೆಸರಿನ ಗೋಡೆ, ದಪ್ಪ 58 ಸೆಂಟಿಮೀಟರ್. ಮೇಲೆ ಬೇವಿನ ತೊಲೆ, ಅದರ ಮೇಲೆ ಅಡ್ಡ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಎಲ್ಲದರ ಮೇಲೆ ಒಂದು ಮೊಳಕ್ಕೆ ಹತ್ತಿರದಷ್ಟು ಮಣ್ಣು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ಸೀಮೆಯಲ್ಲಿ ಈ ಮಣ್ಣೇ ಮನೆಯ ಕೊಡೆ. ಮಧ್ಯಾಹ್ನ ಮೂರು ಗಂಟೆಗೆ ಹೊರಗಿನಿಂದ ಒಳಗೆ ಬಂದು ಈ ಗೋಡೆಗೆ ಅಂಗೈ ಇಟ್ಟೆ, ತಣ್ಣಗಿತ್ತು.

ಮನೆಯ ವಯಸ್ಸು ಎಷ್ಟು? ಮೊಮ್ಮಗ 'ಬ್ರಿಟಿಷರ ಕಾಲದ್ದು' ಎಂದ. ಹಿರಿಯ ಅವ್ವ ಪೆಟ್ಟಿಗೆಯಿಂದ ಒಂದು ಹಳದಿ ಕಾಗದ ತೆಗೆದು ಕೊಟ್ಟರು. ಬರಹ ಉರ್ದುವಿನಲ್ಲಿತ್ತು. ಓದಬಲ್ಲ ಗುರುತಿನ ಹಿರಿಯರೊಬ್ಬರಿಂದ ಓದಿಸಿದೆವು. ತಲೆಯ ಮೇಲೆ 1359 ಎಂಬ ಅಂಕಿ. ಇಷ್ಟು ವರ್ಷ ಮನೆಯವರು ಅದನ್ನು ಮನೆ ನಂಬರ್ ಎಂದುಕೊಂಡಿದ್ದರು. ಅದು ಇಸವಿ, ಫಸಲಿ ಇಸವಿ. ಹೈದರಾಬಾದ್ ಸಂಸ್ಥಾನದ ಕಚೇರಿಗಳು ಫಸಲಿ ಲೆಕ್ಕದಲ್ಲಿ ಬರೆಯುತ್ತಿದ್ದವು. ಅದಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಇಸವಿ ಸಿಗುತ್ತದೆ. 1359 ಅಂದರೆ 1949ರ ಆಸುಪಾಸು. ಹೊಸ ಕಂಪನಿ ಹುಟ್ಟಿ ಎರಡು ವರ್ಷವಾಗಿತ್ತು. ಅವ್ವನ ಮಾವನವರು ಗಣಿ ಕೆಲಸಕ್ಕೆಂದು ಹಳ್ಳಿ ಬಿಟ್ಟು ಬಂದದ್ದೂ ಆಗಲೇ. ಅದೇ ಕಾಗದದಲ್ಲಿ ತೊಲೆಗಳ ಬೆಲೆ ಹೈದರಾಬಾದ್ ಸಂಸ್ಥಾನದ ನಾಣ್ಯವಾದ ಹಾಲಿ ಸಿಕ್ಕಾ ರೂಪಾಯಿಯಲ್ಲಿದೆ. ಏಳು ಹಾಲಿ ರೂಪಾಯಿಗೆ ಆರು ಭಾರತದ ರೂಪಾಯಿ ಎಂಬುದು ಆಗಿನ ದರ.

ರಾಯಚೂರು, ಕೊಪ್ಪಳ ಭಾಗದವರೇ, ನಿಮ್ಮ ಪೆಟ್ಟಿಗೆಗಳಲ್ಲಿ ಇಂಥ ಉರ್ದು ಕಾಗದಗಳಿದ್ದರೆ ದಯವಿಟ್ಟು ಎಸೆಯಬೇಡಿ. ಅರ್ಥವಾಗದಿದ್ದರೂ ಒಂದು ಚಿತ್ರ ತೆಗೆದಿಡಿ.

[ದೃಶ್ಯ: ಬಿಳಿ ಕಾಗದ, ಪೆನ್ಸಿಲ್, ಟೇಪು. ಇಬ್ಬರು ಕೋಣೆಯ ಮೂಲೆಯಿಂದ ಮೂಲೆಗೆ ಟೇಪು ಹಿಡಿದಿದ್ದಾರೆ.]

ಈಗ ಅಳತೆ. ಬೇಕಾದದ್ದು ಮೂವತ್ತು ಮೀಟರ್ ಟೇಪು, ಐದು ಮೀಟರ್ ಟೇಪು, ಟಾರ್ಚ್, ಸೀಮೆಸುಣ್ಣ, ಮೊಬೈಲ್, ಜೊತೆಗೆ ಸಹನೆಯುಳ್ಳ ಇನ್ನೊಬ್ಬ ಮನುಷ್ಯ. ಮೊದಲ ದಿನ ನಾನು ನಾಲ್ಕು ಗೋಡೆಗಳ ಉದ್ದವನ್ನಷ್ಟೇ ಬರೆದುಕೊಂಡು ಹೋದೆ. ರಾತ್ರಿ ನಕ್ಷೆ ಬರೆಯಲು ಕುಳಿತರೆ ಗೋಡೆಗಳು ಒಂದಕ್ಕೊಂದು ಕೂಡಲಿಲ್ಲ. ಕಾರಣ, ಹಳೆಯ ಮನೆಯ ಕೋಣೆ ಚೌಕ ಇರುವುದಿಲ್ಲ. ಮರುದಿನ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆದೆ. ಒಂದು ಇನ್ನೊಂದಕ್ಕಿಂತ 23 ಸೆಂಟಿಮೀಟರ್ ಹೆಚ್ಚು. ಓಣಿಯ ತಿರುವಿಗೆ ತಕ್ಕಂತೆ ಗೌಂಡಿ ಗೋಡೆಯನ್ನು ವಾಲಿಸಿ ಕಟ್ಟಿದ್ದ. ಹೀಗಾಗಿ ಯಾವ ಕೋಣೆಯಲ್ಲೂ ಕರ್ಣಗಳನ್ನು ಬಿಡಬೇಡಿ.

ಬಾಗಿಲು ಕಿಟಕಿಗಳನ್ನು ಬಿಡಿಬಿಡಿಯಾಗಿ ಅಳೆಯಬೇಡಿ. ಟೇಪನ್ನು ಒಂದು ಮೂಲೆಗೆ ಹಿಡಿದು, ಅಲ್ಲಿಂದಲೇ ಬಾಗಿಲ ಆರಂಭ, ಬಾಗಿಲ ಕೊನೆ, ಗೋಡೆಯಲ್ಲಿ ದೀಪವಿಡುವ ಮಾಡದ ಆರಂಭ ಎಂದು ಒಂದೇ ಓಟದಲ್ಲಿ ಓದಿ. ಬಿಡಿಯಾಗಿ ಅಳೆದರೆ ಪ್ರತಿ ಸಲದ ಸಣ್ಣ ತಪ್ಪು ಕೂಡುತ್ತಾ ಹೋಗುತ್ತದೆ. ನಕ್ಷೆಯನ್ನು ಒಂದು ಮೀಟರಿಗೆ ಎರಡು ಸೆಂಟಿಮೀಟರಿನಂತೆ ಬರೆಯಿರಿ, ಗೋಡೆಯ ದಪ್ಪ ಸ್ಪಷ್ಟವಾಗಿ ಕಾಣುತ್ತದೆ. ಮನೆಯನ್ನು ಮೇಲಿನಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ಇನ್ನೊಂದು ಚಿತ್ರವೂ ಬೇಕು. ಮಾಳಿಗೆಯ ಬುದ್ಧಿವಂತಿಕೆ ಇರುವುದು ಆ ಸೀಳುನೋಟದಲ್ಲಿಯೇ.

[ದೃಶ್ಯ: ಕಲ್ಲಿನ ಗೋಡೆ ಮುಗಿದು ಇಟ್ಟಿಗೆ ಗೋಡೆ ಶುರುವಾಗುವ ಜಾಗ, ಬಹಳ ಹತ್ತಿರದಿಂದ.]

ಇಲ್ಲಿ ಸ್ವಲ್ಪ ನಿಲ್ಲೋಣ. ಒಂದೇ ಸಲ ಕಟ್ಟಿದ ಎರಡು ಗೋಡೆಗಳು ಕೂಡುವಲ್ಲಿ ಕಲ್ಲುಗಳು ಬೆರಳು ಹೆಣೆದಂತೆ ಒಂದರೊಳಗೊಂದು ಕಚ್ಚಿಕೊಂಡಿರುತ್ತವೆ. ಇಲ್ಲಿ ಹಾಗಿಲ್ಲ. ನೆಲದಿಂದ ಸೂರಿನ ತನಕ ನೆಟ್ಟಗೆ ಒಂದು ಗೆರೆ, ನಡುವೆ ಬೆರಳು ತೂರುವಷ್ಟು ಬಿರುಕು. ಅಂದರೆ ಇಟ್ಟಿಗೆಯ ಗೋಡೆ ಆಮೇಲೆ ಬಂದು ಆತುಕೊಂಡಿದೆ. ಇಂಥ ಗೆರೆ ಕಂಡಲ್ಲೆಲ್ಲ ನಕ್ಷೆಯಲ್ಲಿ ಕೆಂಪು ಗುರುತು ಹಾಕಿ. ಮನೆ ಯಾವ ಯಾವ ಕಾಲಕ್ಕೆ ಬೆಳೆಯಿತು ಎಂಬುದನ್ನು ಈ ಗೆರೆಗಳು ಹೇಳುತ್ತವೆ.

ಇಟ್ಟಿಗೆಯ ಭಾಗ ಹಿತ್ತಲಿನ ಕಡೆಗೆ ಇಳಿಬಿಟ್ಟ ತಗಡಿನ ಪಡಸಾಲೆ. 'ನಾನು ಸೊಸೆಯಾಗಿ ಬಂದ ಮರುವರ್ಷ ಹಾಕಿಸಿದ್ದು ತಮ್ಮಾ, ಹೊಗೆಯಲ್ಲಿ ಕಣ್ಣು ಹೋಗುತ್ತವೆ ಎಂದು ನಾನೇ ಹಟ ಹಿಡಿದೆ' ಎಂದರು ಅವ್ವ. ಅವರು ಬಂದದ್ದು 1962ರಲ್ಲಿ. ಒಲೆ ಒಳಕೋಣೆಯಿಂದ ಹಿತ್ತಲಿಗೆ ಸರಿದದ್ದು ಹೀಗೆ.

ಈಗ ಬಾಗಿಲಿನ ಮೇಲಿನ ತೊಲೆ ನೋಡಿ. ಅದು ಕಟ್ಟಿಗೆಯೂ ಅಲ್ಲ, ಕಲ್ಲೂ ಅಲ್ಲ. ಸುಣ್ಣ ಮೆತ್ತಿದ ಒಂದು ಹಳಿ. ಎತ್ತರ ಏಳು ಸೆಂಟಿಮೀಟರ್. ರೈಲಿನ ಹಳಿ ಇದರ ಎರಡರಷ್ಟು ಎತ್ತರ ಇರುತ್ತದೆ, ಹಾಗಾಗಿ ಇದು ಸುರಂಗದ ಟ್ರಾಲಿ ಹಳಿಯ ತುಂಡು ಇರಬೇಕು. ಗುಜರಿ ಹರಾಜಿನಲ್ಲಿ ಕೊಂಡದ್ದು ಎಂದು ಅವ್ವನ ನೆನಪು. ನೆಲದ ಕೆಳಗೆ ಅದಿರು ಹೊತ್ತ ಕಬ್ಬಿಣ ಅರವತ್ತು ವರ್ಷ ಈ ಅಡುಗೆಮನೆಯ ಬಾಗಿಲನ್ನು ಹೊತ್ತು ನಿಂತಿದೆ. ನಾನು ಆ ಹಳಿಯ ಅಡ್ಡಸೀಳನ್ನು ಕಾಗದದ ಮೇಲೆ ಪೂರ್ಣ ಅಳತೆಯಲ್ಲೇ ಬರೆದುಕೊಂಡೆ.

[ದೃಶ್ಯ: ಟಿಪ್ಪಣಿ ಪುಸ್ತಕದ ಪುಟ. ಅಂಚಿನಲ್ಲಿ ಕ, ಕೇ, ಊ ಎಂಬ ಅಕ್ಷರಗಳು.]

ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ನಾನು ಹಾಕುವ ಅಕ್ಷರಗಳಿವು. 'ಕ' ಅಂದರೆ ಕಂಡದ್ದು, 'ಕೇ' ಅಂದರೆ ಕೇಳಿದ್ದು, 'ಊ' ಅಂದರೆ ನನ್ನ ಊಹೆ. ಹಳಿಯ ಎತ್ತರ ಕಂಡದ್ದು, ಹರಾಜು ಕೇಳಿದ್ದು, ಟ್ರಾಲಿ ನನ್ನ ಊಹೆ. ಹಾಗೆಯೇ ಈ ಗೋಡೆಯಲ್ಲಿ ನಡುನಡುವೆ ಬಿಳಿ ಬೆಣಚಿನ ಎಳೆಯಿರುವ ಕಪ್ಪು ಕಲ್ಲುಗಳಿವೆ. ಹಟ್ಟಿಯ ಚಿನ್ನ ಇರುವುದು ಇಂಥ ಬೆಣಚಿನ ಎಳೆಗಳಲ್ಲಿ. ಆದರೆ ಕಲ್ಲು ಗಣಿಯಿಂದಲೇ ಬಂತು ಎಂದು ಬರೆದರೆ ಅದು ಊಹೆಯ ಸಾಲಿಗೇ ಸೇರಬೇಕು. ಕಪ್ಪು ಕಲ್ಲು ಇಲ್ಲಿನ ಹೊಲದ ಬದುವಿನಲ್ಲೂ ಸಿಗುತ್ತದೆ. ಮೂರನ್ನೂ ಬೆರೆಸಿ ಬರೆದ ದಾಖಲೆ ಮುಂದೆ ಯಾರ ಉಪಯೋಗಕ್ಕೂ ಬರುವುದಿಲ್ಲ.

[ದೃಶ್ಯ: ಗೋಡೆಯಲ್ಲಿ ದೀಪದ ಮಾಡ. ಒಳಗೆ ಮಸಿ. ಅದರ ಮೇಲೆ ಒಡೆದ ಬಲ್ಬಿನ ಹೋಲ್ಡರ್.]

ಈ ಮಾಡದ ಅಂಚಿನಲ್ಲಿ ಸುಣ್ಣ ತಾನಾಗಿ ಎದ್ದು ಉದುರಿದೆ. ಐದು ರೂಪಾಯಿ ನಾಣ್ಯದಷ್ಟು ಜಾಗ. ಮಸೂರ ಹಿಡಿದು ಪದರಗಳನ್ನು ಎಣಿಸಿದೆ. ಒಳಗಡೆ ಸಗಣಿ ಸಾರಿಸಿದ ಮಣ್ಣು, ಅದರ ಮೇಲೆ ಬರೀ ಬಿಳಿ ಸುಣ್ಣದ ಆರು ಪದರ, ನಂತರ ನೀಲಿ ಬೆರೆಸಿದ ಸುಣ್ಣ, ಆಮೇಲೆ ಹಸಿರು ಬಣ್ಣ, ಎಲ್ಲಕ್ಕಿಂತ ಮೇಲೆ ಹೊಳೆಯುವ ಗುಲಾಬಿ. ನೀಲಿ ಎಲ್ಲಿಂದ ಶುರುವಾಯಿತು ಎಂದು ಕೇಳಿದರೆ ಅವ್ವ ಥಟ್ಟನೆ 'ದೊಡ್ಡ ಮಗಳ ಮದುವೆಗೆ' ಎಂದರು. ವಿದ್ಯುತ್ ದೀಪ ಬಂದದ್ದೂ ಅದೇ ಮದುವೆಗೆ. ಬೀಳದ ಸುಣ್ಣವನ್ನು ಮಾತ್ರ ಕೆರೆಯಬೇಡಿ. ವಾಸವಿರುವ ಮನೆ ಅದು.

[ದೃಶ್ಯ: ಹಿಂದಿನ ಅಂಕಣ. ಮೇಲೆ ಕಾಂಕ್ರೀಟ್ ಚಾವಣಿ, ಕೆಳಗೆ ಹಳೆಯ ಕಲ್ಲಿನ ಗೋಡೆ.]

ಈಗ ಮೂರನೆಯ ಚಾವಣಿ. ಮಾಳಿಗೆಗೆ ಮಳೆಗಾಲದ ಮುಂಚೆ ಪ್ರತಿ ವರ್ಷ ಸವುಳು ಮಣ್ಣು ಹಾಕಿ ತುಳಿಯಬೇಕು. ಉಪ್ಪಿನಂಶವಿರುವ ಆ ಮಣ್ಣು ನೀರು ತಾಗಿದೊಡನೆ ನುಣ್ಣಗೆ ಕರಗಿ ಸಂದುಗಳನ್ನು ಮುಚ್ಚುತ್ತದೆ, ಹುಲ್ಲನ್ನೂ ಬೆಳೆಯಗೊಡುವುದಿಲ್ಲ. ಮಣ್ಣು ತರುವವರು, ತುಳಿಯುವವರು ಕಡಿಮೆಯಾದಂತೆ ಮಾಳಿಗೆಗಳ ಆರೈಕೆ ತಪ್ಪಿತು. ಆಮೇಲೆ 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಆ ಮಳೆ. ಉತ್ತರ ಕರ್ನಾಟಕದವರಿಗೆ ಅದನ್ನು ನೆನಪಿಸಬೇಕಾಗಿಲ್ಲ. ಊರೂರುಗಳಲ್ಲಿ ಮಣ್ಣಿನ ಮನೆಗಳು ಕುಸಿದವು. ಈ ಮನೆಯ ಹಿಂದಿನ ಅಂಕಣದ ಮಾಳಿಗೆಯೂ ಒಂದು ರಾತ್ರಿ ಕೆಳಗೆ ಬಂತು. ಎಲ್ಲರೂ ಮುಂದಿನ ಪಡಸಾಲೆಯಲ್ಲಿ ಮಲಗಿದ್ದರಿಂದ ಜೀವ ಉಳಿಯಿತು. ಮರುವರ್ಷ ಅಲ್ಲಿ ಕಾಂಕ್ರೀಟ್ ಬಿತ್ತು. ಅದರ ಪಕ್ಕದ ಬಚ್ಚಲು, ಶೌಚಾಲಯ, ನೀವು ಆರಂಭದಲ್ಲಿ ಕಂಡ ಬ್ಲಾಕಿನ ಗೋಡೆ, ಎಲ್ಲವೂ ಆಗಿನವು.

ಬದಲಾವಣೆಯನ್ನು ಮೂಲ ಮನೆಗೆ ಆದ ಗಾಯದಂತೆ ಬರೆಯುವ ಅಭ್ಯಾಸ ನಮ್ಮಲ್ಲಿದೆ. ನಾನು ಅದನ್ನು ಒಪ್ಪುವುದಿಲ್ಲ. ಈ ಕಾಂಕ್ರೀಟನ್ನು ಬಿಟ್ಟು 1949ರ ಮನೆಯನ್ನಷ್ಟೇ ಬರೆದರೆ 2009ರ ಆ ರಾತ್ರಿ ದಾಖಲೆಯಿಂದ ಮಾಯವಾಗುತ್ತದೆ. ಆದ್ದರಿಂದ ಒಂದೇ ನಕ್ಷೆಯಲ್ಲಿ ಕಲ್ಲಿಗೆ ಕಪ್ಪು, ಇಟ್ಟಿಗೆಗೆ ಕಂದು, ಬ್ಲಾಕಿಗೆ ನೀಲಿ ತುಂಬಿದ್ದೇನೆ. ಗೋಡೆಗಳ ದಪ್ಪ 58, 23, 15 ಸೆಂಟಿಮೀಟರ್. ತಂಪು ಹೇಗೆ ಇಳಿಯುತ್ತಾ ಬಂತು ಎಂಬುದು ಆ ಮೂರು ಅಂಕಿಗಳಲ್ಲಿ ಇದೆ. ಈ ಕೋಣೆಯಲ್ಲಿ ಏಪ್ರಿಲ್ ಮಧ್ಯಾಹ್ನ ಯಾರೂ ಕುಳಿತುಕೊಳ್ಳುವುದಿಲ್ಲ. ಮೊಮ್ಮಕ್ಕಳೂ ಮಾಳಿಗೆಯ ಕೆಳಗೇ ಬಂದು ಮಲಗುತ್ತಾರೆ.

ಚಿತ್ರಗಳ ಬಗ್ಗೆ ಒಂದೆರಡು ಮಾತು. ಪ್ರತಿ ಗೋಡೆಗೂ ಒಂದು ಸಂಖ್ಯೆ ಕೊಟ್ಟು, ಅದನ್ನು ಚೀಟಿಯಲ್ಲಿ ಬರೆದು, ಅಳತೆಪಟ್ಟಿಯ ಜೊತೆ ಚೌಕಟ್ಟಿನೊಳಗೆ ಇಟ್ಟು ಚಿತ್ರ ತೆಗೆಯಿರಿ. ಮನೆಯವರ ಕಾಗದಪತ್ರಗಳ ಚಿತ್ರ ಅವರ ಬಳಿಯೇ ಇರಲಿ, ಜಾಲತಾಣಕ್ಕೆ ಹಾಕಬೇಡಿ. ನಕ್ಷೆಯ ಒಂದು ಪ್ರತಿ ಮೊದಲು ಅವರಿಗೆ ಸಲ್ಲಬೇಕು.

[ದೃಶ್ಯ: ಕೊನೆಯ ದಿನ, ಸಂಜೆ. ಪಡಸಾಲೆಯ ನೆಲದ ಮೇಲೆ ಹರಡಿದ ನಕ್ಷೆ. ಅದರ ಮೇಲೆ ಬಾಗಿದ ವೃದ್ಧೆಯ ಕೈ ಮಾತ್ರ ಕಾಣುತ್ತದೆ.]

ನಕ್ಷೆಯನ್ನು ಅವ್ವನ ಮುಂದೆ ಬಿಡಿಸಿಟ್ಟೆ. ಯಾವುದು ಎಲ್ಲಿ ಎಂದು ಹೇಳಿಕೊಟ್ಟ ಮೇಲೆ ಬೆರಳಿಟ್ಟುಕೊಂಡು ಬಾಗಿಲಿನಿಂದ ಒಳಗೆ ನಡೆದರು. ಕಟ್ಟೆ ಸಿಕ್ಕಿತು, ಮಾಡ ಸಿಕ್ಕಿತು, ಒಲೆಯಿದ್ದ ಜಾಗ ಸಿಕ್ಕಿತು. ಆಮೇಲೆ ಬೆರಳು ಪಡಸಾಲೆಯ ನಡುವೆ ನಿಂತಿತು. 'ತೊಟ್ಟಿಲ ಕೊಂಡಿ ಎಲ್ಲಿ ತಮ್ಮಾ?'

ಟಾರ್ಚ್ ಹಿಡಿದು ಮೇಲೆ ನೋಡಿದೆ. ಮಸಿಗಟ್ಟಿದ ತೊಲೆಯಲ್ಲಿ ಹೆಬ್ಬೆರಳು ದಪ್ಪದ ಕಬ್ಬಿಣದ ಕೊಂಡಿ ಇತ್ತು. ಹಗ್ಗ ಉಜ್ಜಿ ಉಜ್ಜಿ ಒಳಬದಿ ಸವೆದು ಹೊಳೆಯುತ್ತಿತ್ತು. ನಾಲ್ಕು ದಿನ ಅದರ ಕೆಳಗೇ ಓಡಾಡಿದ್ದೆ, ಕಂಡಿರಲಿಲ್ಲ.

[ದೃಶ್ಯ: ಏಣಿ. ಟೇಪು. ಪುಸ್ತಕದಲ್ಲಿ ಹೊಸ ಸಾಲು ಬರೆಯುತ್ತಿರುವ ಕೈ.]

ಪಡಸಾಲೆ, ಎರಡನೆಯ ತೊಲೆ. ಪೂರ್ವದ ಗೋಡೆಯಿಂದ 1.42 ಮೀಟರ್, ನೆಲದಿಂದ 2.31 ಮೀಟರ್. ಕಂಡದ್ದು. ಇದರಲ್ಲಿ ತೂಗಿದ ಮಕ್ಕಳು ಹನ್ನೊಂದು. ಕೇಳಿದ್ದು.