ನೀರಲ್ಲಿ ನಿಂತ ಬೇರಿಗೆ ಉಸಿರು ಎಲ್ಲಿಂದ?

(ಕಲಬುರಗಿಯ ಕಾಲೇಜೊಂದರಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ಶರಣು ಶರಣಾರ್ಥಿ.

ಮಳೆಗಾಲದಲ್ಲಿ ಊರಿಂದ ನನಗೆ ಬರುವ ಫೋನುಗಳಲ್ಲಿ ಒಂದು ಮಾತು ತಪ್ಪುವುದಿಲ್ಲ: "ಸರ್, ಹೊಲದಾಗ ನೀರು ನಿಂತದ, ತೊಗರಿ ಒಣಗಲತ್ತದ್ರಿ." ನೀರು ನಿಂತರೆ ಕೊಳೆಯಬೇಕಲ್ಲ, ಒಣಗುವುದು ಹೇಗೆ ಎಂದು ನೀವು ನಗಬಹುದು. ಆದರೆ ರೈತ ಹೇಳುವುದೇ ಸರಿ. ನೀರಲ್ಲಿ ನಿಂತ ತೊಗರಿ ನಿಜವಾಗಿಯೂ ಬಾಯಾರಿ ಬಾಡುತ್ತದೆ.

ಬೇರೂ ಉಸಿರಾಡುತ್ತದೆ. ಮಣ್ಣಿನ ಸಂದುಗಳಲ್ಲಿರುವ ಗಾಳಿಯೇ ಅದಕ್ಕೆ ಆಸರೆ. ಆ ಸಂದುಗಳಲ್ಲಿ ನೀರು ತುಂಬಿತೋ, ಕೆಲಸ ಕೆಟ್ಟಿತು. ಆಮ್ಲಜನಕ ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಉಳಿದ ಚೂರುಪಾರನ್ನು ಬೇರುಗಳೂ ಸೂಕ್ಷ್ಮಜೀವಿಗಳೂ ಬೇಗನೆ ಮುಗಿಸಿಬಿಡುತ್ತವೆ. ಉಸಿರು ಕಟ್ಟಿದ ಬೇರಿಗೆ ಪಕ್ಕದಲ್ಲಿರುವ ನೀರನ್ನು ಹೀರುವ ತ್ರಾಣವಿರುವುದಿಲ್ಲ. ನಮ್ಮ ಎರಿ ಮಣ್ಣಂತೂ ನೆನೆದರೆ ಉಬ್ಬಿ ಬಿರುಕೆಲ್ಲ ಮುಚ್ಚಿಕೊಳ್ಳುವ ಜಾತಿಯದು. ತೊಗರಿಗೆ ಇನ್ನೊಂದು ಪೆಟ್ಟೂ ಇದೆ: ಬೇರುಗಂಟಿನ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಅವು ಸಾರಜನಕ ಒದಗಿಸುವುದು ನಿಂತರೆ ಎಲೆ ಹಳದಿಯಾಗುತ್ತದೆ.

ಹಾಗಾದರೆ ಕೆರೆಯಂಚಿನ ಜೊಂಡು ಕೆಸರಲ್ಲೇ ಹುಟ್ಟಿ ಕೆಸರಲ್ಲೇ ಸೊಕ್ಕಿ ಬೆಳೆಯುವುದು ಹೇಗೆ? ಈ ಪ್ರಶ್ನೆಯ ಬೆನ್ನುಹತ್ತಿದವರಲ್ಲಿ ನನಗೆ ಬಹಳ ಇಷ್ಟವಾದವರು ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ವಿಲಿಯಂ ಆರ್ಮ್‌ಸ್ಟ್ರಾಂಗ್. ಜೌಗುಗಿಡಗಳ ಒಳಗೆ ಎಲೆಯಿಂದ ಬೇರಿನವರೆಗೆ ಗಾಳಿ ಇಳಿಯುವ ದಾರಿಗಳಿವೆ ಎಂಬುದು ಮೊದಲೇ ಗೊತ್ತಿತ್ತು. ಆ ಗಾಳಿ ಬೇರಿನಿಂದ ಹೊರಗೆ ಎಷ್ಟು ಸೋರುತ್ತದೆ ಎಂದು ಅಳೆಯಲು ಇವರು ಕೂತರು. ಆಮ್ಲಜನಕವಿಲ್ಲದ ದ್ರವದಲ್ಲಿ ಬೇರಿಟ್ಟು, ಅದರ ಸುತ್ತ ಪ್ಲಾಟಿನಂನ ಪುಟ್ಟ ಕೊಳವೆಯಂಥ ಎಲೆಕ್ಟ್ರೋಡ್ ತೊಡಿಸುವುದು. ಬೇರಿನಿಂದ ಸೋರಿದ ಆಮ್ಲಜನಕ ಅದನ್ನು ಮುಟ್ಟಿದಾಗ ಹರಿಯುವ ವಿದ್ಯುತ್ತೇ ಅಳತೆ. ಬ್ರಿಟನ್ನಿನ ಜೌಗುಗಿಡಗಳ ಮೇಲಿನ ಈ ಕೆಲಸ 1964ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಬೇರಿನ ಉಸಿರಿಗೆ ತಕ್ಕಡಿ ಹಿಡಿದ ಹಾಗೆ!

ಈ ಸೋರಿಕೆ ಬರೀ ನಷ್ಟವಲ್ಲ. ಗಾಳಿಯಿಲ್ಲದ ಕೆಸರಿನಲ್ಲಿ ಕಬ್ಬಿಣ ಕರಗಿ ಬೇರಿಗೆ ವಿಷವಾಗುತ್ತದೆ. ಇನ್ನೂ ಕೆಟ್ಟರೆ ಕೊಳೆತ ಮೊಟ್ಟೆ ನಾರುವ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಬೇರು ಬಿಟ್ಟ ಆಮ್ಲಜನಕ ಆ ಕಬ್ಬಿಣವನ್ನು ಬೇರಿನ ಮೈಮೇಲೆಯೇ ತುಕ್ಕಾಗಿಸಿ ಕೂರಿಸುತ್ತದೆ. ಶಹಾಪುರ, ಸುರಪುರ ಕಡೆಯ ಗದ್ದೆಗಳಲ್ಲಿ ಭತ್ತ ಕಿತ್ತು ನೋಡಿದವರಿಗೆ ಬೇರಿನ ಆ ಕೆಂಗಂದು ಬಣ್ಣ ಗೊತ್ತು. ಭತ್ತ ಜಾಣ ಬೆಳೆ: ಕೆಸರಲ್ಲಿ ಬೇರಿನ ಬುಡದತ್ತ ಸೋರಿಕೆ ಬಿಗಿಮಾಡಿ, ಗಾಳಿಯನ್ನು ತುದಿಗೆ ಉಳಿಸಿಕೊಡುತ್ತದೆ.

ಆರ್ಮ್‌ಸ್ಟ್ರಾಂಗ್ ಕಾಡಿನ ಮಣ್ಣಿಗೂ ಕೈಹಾಕಿದರು. ಬ್ರಿಟನ್ನಿನ ನೆಡುತೋಪುಗಳ ಒದ್ದೆ ನೆಲದಲ್ಲಿ ಸಿಟ್ಕಾ ಸ್ಪ್ರೂಸ್ ಮರದ ಆಳದ ಬೇರು ಸಾಯುತ್ತದೆ, ಮೇಲುಮೇಲಿನ ಬೇರಷ್ಟೇ ಉಳಿಯುತ್ತದೆ. ಬಿರುಗಾಳಿ ಬಂದರೆ ಮರ ಬುಡಸಮೇತ ಮಗುಚುತ್ತದೆ. ಅದೇ ಕೆಸರನ್ನು ಲಾಡ್ಜ್‌ಪೋಲ್ ಪೈನ್ ಹೆಚ್ಚು ತಾಳಿಕೊಳ್ಳುತ್ತದೆ. ಬೇರನ್ನು ಕೊಂದದ್ದು ಆಮ್ಲಜನಕದ ಕೊರತೆಯೋ, ಮಣ್ಣಿನ ವಿಷವೋ? 1978ರಲ್ಲಿ ಸ್ಯಾಂಡರ್ಸನ್ ಎಂಬ ಸಂಶೋಧಕರ ಜೊತೆ ಬರೆದ ಪ್ರಬಂಧದಲ್ಲಿ ಅವರು ಎತ್ತಿದ ಪ್ರಶ್ನೆ ಇದೇ. 1980ರಲ್ಲಿ, ಆಗಾಗ ನೀರು ನಿಲ್ಲುವ ಕಾಡುಮಣ್ಣಿನ ವಿಷಗಳ ಬಗ್ಗೆಯೇ ಇಬ್ಬರೂ ಮತ್ತೆ ಬರೆದರು. ಇದನ್ನೆಲ್ಲ ಎತ್ತಿ ನಮ್ಮ ಚಿಂಚೋಳಿ ಕಾಡಿಗೆ ಹಚ್ಚಲು ನಾನು ಒಪ್ಪುವುದಿಲ್ಲ. ಅದು ಎಲೆ ಉದುರಿಸುವ ಒಣ ಕಾಡು, ಅಲ್ಲಿ ಬರಗಾಲದ್ದೇ ಚಿಂತೆ. ಪ್ರಶ್ನೆ ಕೇಳುವ ರೀತಿಯನ್ನು ಮಾತ್ರ ಧಾರಾಳವಾಗಿ ಕಡ ತರಬಹುದು.

ತೊಗರಿಗೆ ಏನು ಮಾಡೋಣ ಎಂದರೆ, ತೊಗರಿಯನ್ನು ಜೊಂಡು ಮಾಡಲಾಗದು. ಏರುಮಡಿ ಮಾಡಿ ಬಿತ್ತುವುದು, ನಿಂತ ನೀರಿಗೆ ಅಂದೇ ದಾರಿ ಬಿಡುವುದು. ಬಾಡಿದ್ದು ಕಂಡು ಮತ್ತೆ ನೀರು ಬಿಟ್ಟವರನ್ನೂ ನಾನು ನೋಡಿದ್ದೇನೆ. ಅದೊಂದು ಬೇಡ.

ಮಾತು ಸಾಕು. ಈ ಬಕೆಟ್ಟಿನಲ್ಲಿ ತಾವರೆ ದಂಟುಗಳಿವೆ. ಒಂದನ್ನು ಅಡ್ಡ ಕತ್ತರಿಸಿ ತೂತುಗಳನ್ನು ನೋಡಿ, ಒಂದು ತುದಿ ನೀರಲ್ಲಿಟ್ಟು ಇನ್ನೊಂದು ತುದಿಯಿಂದ ಊದಿ, ಗುಳ್ಳೆ ಏಳುತ್ತವೆ. ಮುಂದಿನ ಸಾಲಿನವರು ಬನ್ನಿ. ಬ್ಲೇಡು ಹೊಸದಿದೆ, ಬೆರಳು ಜೋಪಾನ.