‘ಇದು ನಿಜವೇ?’: ಸದನದ ಪ್ರಶ್ನೆಯೂ ನಮ್ಮ ಪಾಲಿನ ಕೆಲಸವೂ

(ಮುಂಬಯಿಯ ಮಾಟುಂಗಾದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಪಠ್ಯ)

ಹಿರಿಯರಿಗೆ, ಗೆಳೆಯರಿಗೆ, ಕೆಲಸ ಮುಗಿಸಿ ನೇರವಾಗಿ ಇಲ್ಲಿಗೆ ಬಂದಿರುವ ತಾಯಂದಿರಿಗೆ ನಮಸ್ಕಾರ.

ಮುಂಬಯಿಯ ನಮ್ಮ ಸಂಘಗಳಲ್ಲಿ ಯಕ್ಷಗಾನ ಆಗುತ್ತದೆ, ಪುಸ್ತಕ ಬಿಡುಗಡೆ ಆಗುತ್ತದೆ, ಸನ್ಮಾನಗಳು ಆಗುತ್ತವೆ. ಶಾಸಕರ ಕೆಲಸದ ಬಗ್ಗೆ ಒಂದು ಸಂಜೆ ಮೀಸಲಿಡುವುದು ಅಪರೂಪ. ನಮ್ಮ ಆಮದಾರರು ಗಣೇಶೋತ್ಸವಕ್ಕೆ ಬಂದರೇ, ಮಗಳ ಮದುವೆಗೆ ಬಂದರೇ ಎಂಬ ಲೆಕ್ಕ ನಮಗೆಲ್ಲ ಬಾಯಿಪಾಠ. ಹೋದ ಅಧಿವೇಶನದಲ್ಲಿ ಅವರು ಎದ್ದು ನಿಂತು ಯಾವ ಮಂತ್ರಿಯನ್ನು ಏನು ಕೇಳಿದರು ಎಂದರೆ ಉತ್ತರ ಸಿಗುವುದಿಲ್ಲ. ನಾನು ಹಲವು ವರ್ಷ ವಿಧಾನಭವನದ ಪತ್ರಕರ್ತರ ಗ್ಯಾಲರಿಯಲ್ಲಿ ಕೂತು ಈ ಪ್ರಶ್ನೋತ್ತರಗಳನ್ನು ಕೇಳಿದವನು. ಅಲ್ಲಿ ಕಂಡದ್ದನ್ನು ಹೇಳುತ್ತೇನೆ. ಶಾಸಕರ ಪ್ರಶ್ನೆ ಗಟ್ಟಿಯಾಗುವುದೂ ಜೊಳ್ಳಾಗುವುದೂ ಬಹುಮಟ್ಟಿಗೆ ನಾವು ಅವರ ಕೈಗೆ ಏನು ಕೊಟ್ಟಿದ್ದೇವೆ ಎಂಬುದರ ಮೇಲೆ ನಿಂತಿದೆ. ನನ್ನ ಮಾತಿನ ಸಾರ ಇಷ್ಟೇ, ಉಳಿದದ್ದು ವಿವರ.

ನಾರಿಮನ್ ಪಾಯಿಂಟ್‌ನ ಆ ಕಟ್ಟಡದಲ್ಲಿ ಎರಡು ಸದನ. ವಿಧಾನಸಭೆಯಲ್ಲಿ 288 ಮಂದಿ, ವಿಧಾನ ಪರಿಷತ್ತಿನಲ್ಲಿ 78. ಚಳಿಗಾಲದ ಅಧಿವೇಶನ ನಾಗಪುರದಲ್ಲಿ. ಪ್ರಶ್ನೋತ್ತರದ ತಾಸಿನಲ್ಲಿ ಇಲ್ಲಿಯವರು ‘ತಾರಾಂಕಿತ’ ಎನ್ನುವ, ಬೆಂಗಳೂರಿನವರು ‘ಚುಕ್ಕೆ ಗುರುತಿನ’ ಎನ್ನುವ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರಿಸಬೇಕು. ಉತ್ತರ ಸಾಲದೆನಿಸಿದರೆ ಶಾಸಕರು ಉಪಪ್ರಶ್ನೆ ಹಾಕಬಹುದು, ಬೇರೆ ಸದಸ್ಯರೂ ಜೊತೆಗೂಡಬಹುದು. ಚುಕ್ಕೆ ಇಲ್ಲದ ಪ್ರಶ್ನೆಗೆ ಉತ್ತರ ಕಾಗದದಲ್ಲಿ ಬರುತ್ತದೆ. ತುರ್ತು ವಿಷಯವಿದ್ದರೆ ‘ಲಕ್ಷವೇಧಿ’, ಅಂದರೆ ಗಮನ ಸೆಳೆಯುವ ಸೂಚನೆ ಇದೆ. ಉತ್ತರದಿಂದ ಇನ್ನಷ್ಟು ಸಂಶಯ ಹುಟ್ಟಿದರೆ ಅರ್ಧ ತಾಸಿನ ಚರ್ಚೆ ಕೇಳಬಹುದು.

ಈಗ ಒಂದು ತಾರಾಂಕಿತ ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. ಅಚ್ಚಾದ ಪಟ್ಟಿಯಲ್ಲಿ ಅದಕ್ಕೆ ಒಂದು ಸಿದ್ಧ ಚೌಕಟ್ಟಿದೆ. ಮೊದಲನೆಯ ಕಲಮು: ಇಂಥ ಊರಿನ ಇಂಥ ಬಡಾವಣೆಯಲ್ಲಿ ಹೀಗೆ ಹೀಗೆ ಆಗಿರುವುದು ನಿಜವೇ? ಎರಡನೆಯದು: ನಿಜವಿದ್ದಲ್ಲಿ ಸರ್ಕಾರ ಚೌಕಶಿ, ಅಂದರೆ ವಿಚಾರಣೆ ಮಾಡಿದೆಯೇ? ಮೂರನೆಯದು: ಚೌಕಶಿಯಲ್ಲಿ ಏನು ಕಂಡುಬಂತು, ಅದರಂತೆ ಏನು ಕ್ರಮ ಕೈಗೊಳ್ಳಲಾಯಿತು? ನಾಲ್ಕನೆಯದು: ಕೈಗೊಳ್ಳದಿದ್ದಲ್ಲಿ ವಿಳಂಬಕ್ಕೆ ಕಾರಣಗಳೇನು? ಎದುರುಗಡೆ ಮಂತ್ರಿಯ ಉತ್ತರ. ಎಷ್ಟೋ ಸಲ ಅದು ಎರಡೇ ಸಾಲು. ‘(1) ಇದು ನಿಜವಲ್ಲ. (2), (3) ಮತ್ತು (4) ಪ್ರಶ್ನೆ ಉದ್ಭವಿಸುವುದಿಲ್ಲ.’

ಗ್ಯಾಲರಿಯಲ್ಲಿ ಕೂತವರಿಗೆ ಈ ಎರಡು ಸಾಲು ಕೇಳಿದಾಗ ಎದೆ ಉರಿಯುತ್ತದೆ. ಏಕೆಂದರೆ ಹಲವು ಸಲ ಸಂಕಟ ನಿಜವೇ ಆಗಿರುತ್ತದೆ. ಮೊದಲನೆಯ ಕಲಮಿನಲ್ಲಿ ತಾರೀಕು ತಪ್ಪಿರುತ್ತದೆ, ಆಸ್ಪತ್ರೆಯ ಹೆಸರು ಅರ್ಧ ಇರುತ್ತದೆ, ಐವತ್ತು ಮನೆ ಎನ್ನಬೇಕಾದಲ್ಲಿ ಐನೂರು ಎಂದು ಬರೆದಿರುತ್ತಾರೆ. ಇಲಾಖೆಯ ಗುಮಾಸ್ತರಿಗೆ ಅಷ್ಟೇ ಸಾಕು. ಆ ಒಂದು ವಿವರ ತಪ್ಪು, ಆದ್ದರಿಂದ ಇಡೀ ಮಾತು ನಿಜವಲ್ಲ. ಮೊದಲ ಕಲಮು ಬಿದ್ದರೆ ಉಳಿದ ಮೂರೂ ಅದರ ಜೊತೆ ಬೀಳುತ್ತವೆ. ಮಂತ್ರಿ ಸುಳ್ಳು ಹೇಳಿದರು ಎಂದು ಹೊರಗೆ ಬಂದು ಕೂಗಲೂ ಆಗುವುದಿಲ್ಲ.

ಉದಾಹರಣೆಗೆ ನಾವೇ ಒಂದು ಪ್ರಶ್ನೆ ಕಟ್ಟೋಣ. ಅಂಟಾಪ್ ಹಿಲ್ ಕಡೆಯ ಒಂದು ಚಾಳು ಎಂದಿಟ್ಟುಕೊಳ್ಳಿ. ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಗಾರೆ ಕೆಲಸ ಮಾಡುವ ನಮ್ಮ ಜನ ಅಲ್ಲಿದ್ದಾರೆ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ, ವಾಸನೆ ಬರುತ್ತದೆ. ‘ಅಂಟಾಪ್ ಹಿಲ್‌ನಲ್ಲಿ ನೀರೇ ಬರುತ್ತಿಲ್ಲ, ಇದು ನಿಜವೇ?’ ಎಂದು ಕೇಳಿದರೆ ನಗರಾಭಿವೃದ್ಧಿ ಇಲಾಖೆ ಒಂದೇ ಏಟಿಗೆ ‘ನಿಜವಲ್ಲ’ ಎನ್ನುತ್ತದೆ. ಏಕೆಂದರೆ ಪಾಲಿಕೆಯ ವೇಳಾಪಟ್ಟಿಯ ಪ್ರಕಾರ ನೀರು ಬಿಟ್ಟಿರುತ್ತಾರೆ. ಅದರ ಬದಲು ಹೀಗೆ ಬರೆಯಿರಿ: ಎಫ್ ಉತ್ತರ ವಾರ್ಡಿನ ಇಂಥ ಗಲ್ಲಿಯ ಇಷ್ಟು ಮನೆಯವರು ಇಂಥ ತಾರೀಕಿಗೆ ವಾರ್ಡ್ ಆಫೀಸಿನಲ್ಲಿ ಕಲುಷಿತ ನೀರಿನ ಬಗ್ಗೆ ದೂರು ಕೊಟ್ಟಿದ್ದಾರೆ, ದೂರಿನ ಸಂಖ್ಯೆ ಇಷ್ಟು, ನೀರಿನ ಮಾದರಿಯನ್ನು ಇಂಥ ದಿನ ಒಯ್ದರು, ವರದಿ ಕೊಟ್ಟಿಲ್ಲ, ಇದು ನಿಜವೇ? ಈ ಪ್ರಶ್ನೆಗೆ ‘ನಿಜವಲ್ಲ’ ಎನ್ನಲು ಯಾವ ಅಧಿಕಾರಿಗೂ ಧೈರ್ಯ ಸಾಲದು. ದೂರಿನ ಸಂಖ್ಯೆ ಅವರದೇ ದಫ್ತರದಲ್ಲಿದೆ. ವರದಿ ತರಿಸಲೇಬೇಕು. ಈ ಸಂಖ್ಯೆಯನ್ನು ಜೋಪಾನ ಮಾಡಬೇಕಾದವರು ಚಾಳಿನ ಜನ, ಅವರ ಜೊತೆ ನಿಂತ ನಮ್ಮಂಥವರು. ಕೈಯಲ್ಲಿ ರಸೀತಿಯೇ ಇಲ್ಲದೆ ಶಾಸಕರನ್ನು ಬೈದು ಏನು ಬಂತು?

ಈ ಹಕ್ಕು ಸುಮ್ಮನೆ ಬಂದದ್ದೂ ಅಲ್ಲ. ಬ್ರಿಟಿಷರ ಕಾಲದ ಶಾಸನ ಸಭೆಗಳಲ್ಲಿ ಪ್ರಶ್ನೆ ಕೇಳುವ ಅವಕಾಶ ಸಿಕ್ಕಿದ್ದೇ 1892ರ ಕಾಯ್ದೆಯಿಂದ. ಆಗ ಉಪಪ್ರಶ್ನೆ ಇರಲಿಲ್ಲ. ಸರ್ಕಾರ ಏನು ಹೇಳಿತೋ ಅದನ್ನು ಕೇಳಿಕೊಂಡು ಕೂರಬೇಕು. 1909ರಲ್ಲಿ, ಪ್ರಶ್ನೆ ಕೇಳಿದವರೇ ಮತ್ತೊಂದು ಮಾತು ಕೇಳಬಹುದು ಎಂದಾಯಿತು. 1919ರ ಸುಧಾರಣೆಗಳ ನಂತರ ಯಾವ ಸದಸ್ಯರಾದರೂ ಉಪಪ್ರಶ್ನೆ ಹಾಕಬಹುದಾಯಿತು. ಮಂತ್ರಿಯ ಬಾಯಿಂದ ನಿಜ ಹೊರಬರುವುದು ಹೆಚ್ಚಾಗಿ ಆ ಎರಡನೆಯ ಪ್ರಶ್ನೆಯಲ್ಲಿ, ಏಕೆಂದರೆ ಮೊದಲನೆಯದಕ್ಕೆ ಕಾರ್ಯದರ್ಶಿ ಬರೆದುಕೊಟ್ಟ ಚೀಟಿ ಇರುತ್ತದೆ, ಎರಡನೆಯದಕ್ಕೆ ಇರುವುದಿಲ್ಲ.

ಸದನದಲ್ಲಿ ಎದ್ದ ಪ್ರಶ್ನೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ನಮ್ಮ ಮುಂಬಯಿಯೇ ಸಾಕ್ಷಿ. ಜೀವ ವಿಮಾ ನಿಗಮವು ಹರಿದಾಸ್ ಮುಂದ್ರಾ ಎಂಬ ವ್ಯಾಪಾರಿಯ ಕಂಪನಿಗಳಲ್ಲಿ ಸುಮಾರು ಒಂದೂಕಾಲು ಕೋಟಿ ರೂಪಾಯಿ ಹಾಕಿದ್ದನ್ನು 1957ರಲ್ಲಿ ಲೋಕಸಭೆಯಲ್ಲಿ ಎತ್ತಿ ಹಿಡಿದವರು ಫಿರೋಜ್ ಗಾಂಧಿ. ಅವರು ಆಳುವ ಪಕ್ಷದವರೇ, ಪ್ರಧಾನಿ ನೆಹರೂ ಅವರ ಅಳಿಯ. ಆದರೂ ಬಿಡಲಿಲ್ಲ. ಕೊನೆಗೆ ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ಆಯೋಗ ಈ ನಗರದಲ್ಲೇ ಬಹಿರಂಗ ವಿಚಾರಣೆ ನಡೆಸಿತು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಜೀವ ವಿಮೆ ಎಂದರೆ ಸಾಮಾನ್ಯ ಜನ ಕಟ್ಟಿದ ಕಂತಿನ ದುಡ್ಡು. ಅದಕ್ಕೆ ಜವಾಬು ಕೇಳಿದ್ದು.

ಇದೇ ಕೃಷ್ಣಮಾಚಾರಿಯವರು 1951ರಲ್ಲಿ ಸಂಸತ್ತಿನ ಒಂದು ತನಿಖಾ ಸಮಿತಿಯ ಅಧ್ಯಕ್ಷರಾಗಿದ್ದರು. ಅದು ನಮ್ಮನ್ನು ತಲೆ ತಗ್ಗಿಸುವಂತೆ ಮಾಡುವ ಕತೆ, ಆದರೂ ಹೇಳಬೇಕು. ಹಂಗಾಮಿ ಸಂಸತ್ತಿನಲ್ಲಿ ಮುಂಬಯಿಯಿಂದ ಸದಸ್ಯರಾಗಿದ್ದವರು ಹುಚ್ಚೇಶ್ವರ ಗುರುಸಿದ್ಧ ಮುದ್ಗಲ್. ಹೆಸರು ಕೇಳಿದರೇ ಉತ್ತರ ಕರ್ನಾಟಕದವರೆಂದು ನಮಗೆ ಹೊಳೆಯುತ್ತದೆ. ನ್ಯೂಯಾರ್ಕಿನಲ್ಲಿ ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವೆಯವರ ಪತ್ರಿಕೆಯಲ್ಲಿ ಸಂಪಾದಕರಾಗಿ ದುಡಿದ ಮನುಷ್ಯ, ಓದಿಕೊಂಡವರು. ಇಲ್ಲಿನ ಚಿನ್ನ-ಬೆಳ್ಳಿ ವ್ಯಾಪಾರಿಗಳ ಸಂಘದಿಂದ ಹಣ ಪಡೆದು ಅವರ ಪರವಾಗಿ ಸಂಸತ್ತಿನಲ್ಲಿ ಪ್ರಶ್ನೆ ಕೇಳಿದರೆಂಬ ಆರೋಪ ಸಮಿತಿಯ ಮುಂದೆ ಸಾಬೀತಾಯಿತು. ಉಚ್ಚಾಟನೆಯ ನಿರ್ಣಯ ಬರುವಾಗ ಅವರು ರಾಜೀನಾಮೆ ಕೊಟ್ಟರು. 2005ರಲ್ಲಿ ಇಂಥದೇ ಕಾರಣಕ್ಕೆ ಹನ್ನೊಂದು ಸಂಸದರನ್ನು ಹೊರಹಾಕಬೇಕಾಯಿತು. ಪ್ರಶ್ನೆಗೆ ದುಡ್ಡು ಕೊಟ್ಟು ಕೊಳ್ಳುವವರು ಇದ್ದಾರೆಂದರೆ ಅದಕ್ಕೆ ಎಷ್ಟು ಬಲವಿದೆ ಎಂದು ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು. ಚಾಳಿನ ನಮ್ಮ ಜನಕ್ಕೆ ಅದು ಪುಕ್ಕಟೆ ಸಿಗುವ ಹಕ್ಕು, ಮತ್ತು ಬಳಸದೆ ಬಿಟ್ಟಿರುವವರು ಅವರೇ. ಇದು ನನ್ನನ್ನು ಬಹಳ ಕಾಡುತ್ತದೆ.

ಬಳಸಿ ತೋರಿಸಿದವರು ಮೃಣಾಲ್ ಗೋರೆ. ಗೋರೆಗಾಂವ್‌ನ ಹಳಬರಿಗೆ ‘ಪಾಣಿವಾಲಿ ಬಾಯಿ’, ಅಂದರೆ ನೀರಿನ ಹೆಣ್ಣುಮಗಳು ಎಂದರೆ ಸಾಕು. 1961ರಲ್ಲಿ ಪಾಲಿಕೆಗೆ, 1972ರಲ್ಲಿ ವಿಧಾನಸಭೆಗೆ, 1977ರಲ್ಲಿ ಲೋಕಸಭೆಗೆ ಆಯ್ಕೆಯಾದವರು. ಅವರ ಬಗ್ಗೆ ಎಲ್ಲರೂ ನೆನೆಯುವುದು ಖಾಲಿ ಕೊಡ ಹಿಡಿದ ಹೆಂಗಸರ ಮೋರ್ಚಾವನ್ನು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಬೀದಿಯಲ್ಲಿ ಕೂಗಿದ ಮಾತನ್ನೇ ಅವರು ಸದನದ ಒಳಗೂ ಆಡಿದರು ಎಂಬುದು. ಕರ್ನಾಟಕದವರಿಗೆ ಈ ಪರಂಪರೆ ಅಪರಿಚಿತವಲ್ಲ. 1952ರಲ್ಲಿ ಸಾಗರ-ಹೊಸನಗರದಿಂದ ಆರಿಸಿ ಬಂದ ಶಾಂತವೇರಿ ಗೋಪಾಲಗೌಡರೂ ಅದೇ ಸಮಾಜವಾದಿ ಬೇರಿನವರು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1967ರಲ್ಲಿ ಕಾಂಗ್ರೆಸ್ಸಿನ ಪ್ರಬಲ ನಾಯಕ ಎಸ್. ಕೆ. ಪಾಟೀಲರನ್ನು ಇದೇ ದಕ್ಷಿಣ ಮುಂಬಯಿಯಲ್ಲಿ ಸೋಲಿಸಿ ದಿಲ್ಲಿಗೆ ಹೋದರು.

ಶಾಸಕರಿಗೆ, ಸಂಸದರಿಗೆ ಪತ್ರ ಬರೆಸಿಕೊಂಡರೆ ಆಯಿತಲ್ಲ, ಪ್ರಶ್ನೆಯೇ ಏಕೆ ಎಂದು ಒಬ್ಬರು ನನ್ನನ್ನು ಕೇಳಿದರು. 2017ರ ಸೆಪ್ಟೆಂಬರ್ 29 ನೆನಪಿದೆಯೇ? ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನು, ಈಗಿನ ಪ್ರಭಾದೇವಿ. ಮಳೆ, ಜನಸಂದಣಿ, ಇಕ್ಕಟ್ಟಿನ ಪಾದಚಾರಿ ಸೇತುವೆ. ಕಾಲ್ತುಳಿತದಲ್ಲಿ 23 ಜನ ಸತ್ತರು. ಆ ಸೇತುವೆ ಸಾಲದು, ಅಗಲವಾದದ್ದು ಬೇಕು ಎಂದು ಮುಂಬಯಿಯ ಸಂಸದರು ಮೊದಲೇ ರೈಲ್ವೆ ಸಚಿವರಿಗೆ ಪತ್ರ ಬರೆದಿದ್ದರು. ಹಣದ ಕೊರತೆಯ ಉತ್ತರ ಬಂದಿತ್ತು ಎಂದು ಆಮೇಲೆ ಪತ್ರಿಕೆಗಳಲ್ಲಿ ಅಚ್ಚಾಯಿತು. ಜನ ಸತ್ತ ಮೇಲೆ ಸೈನ್ಯವನ್ನು ಕರೆಸಿದರು. 2018ರ ಫೆಬ್ರುವರಿಯಲ್ಲಿ ಹೊಸ ಸೇತುವೆ ತೆರೆಯಿತು. ಐದೇ ತಿಂಗಳ ಕೆಲಸ ಅದು. ಪತ್ರ ಬರೆದವರನ್ನು ನಾನು ಹಳಿಯುತ್ತಿಲ್ಲ, ಅವರು ಬರೆದದ್ದೇ ದೊಡ್ಡದು. ಆದರೆ ಪತ್ರ ಇಬ್ಬರ ನಡುವೆ ಉಳಿಯುತ್ತದೆ. ಸದನದ ಪ್ರಶ್ನೆ ಎಲ್ಲರ ಎದುರು, ತಾರೀಕಿನ ಸಮೇತ ಅಚ್ಚಾಗುತ್ತದೆ. ಮುಂದಿನ ಮಂತ್ರಿಯೂ ಅದಕ್ಕೆ ಬದ್ಧ.

ಬದ್ಧ ಎಂದು ಸುಮ್ಮನೆ ಹೇಳುತ್ತಿಲ್ಲ. ‘ಪರಿಶೀಲಿಸುತ್ತೇವೆ’, ‘ವಿಷಯ ವಿಚಾರಾಧೀನವಾಗಿದೆ’ ಎಂದು ಮಂತ್ರಿ ಹೇಳಿದರೆ ನಾವು ಅದನ್ನು ಕೈ ತೊಳೆದುಕೊಂಡ ಮಾತು ಎಂದುಕೊಳ್ಳುತ್ತೇವೆ. ಸಂಸತ್ತಿನ ನಿಯಮದಲ್ಲಿ ಇಂಥ ಮಾತುಗಳೇ ಭರವಸೆಯೆಂದು ದಾಖಲಾಗುತ್ತವೆ. 1953ರಿಂದ ಲೋಕಸಭೆಯಲ್ಲಿ ಭರವಸೆಗಳ ಸಮಿತಿ ಇದೆ. ಮೂರು ತಿಂಗಳೊಳಗೆ ಭರವಸೆ ಈಡೇರಿಸಬೇಕು, ಆಗದಿದ್ದರೆ ಸಮಯ ಕೇಳಬೇಕು. ಮಹಾರಾಷ್ಟ್ರ ವಿಧಾನಮಂಡಲದಲ್ಲೂ ಆಶ್ವಾಸನ ಸಮಿತಿ ಇದೆ. ನಮ್ಮ ಬಡಾವಣೆಯ ಬಗ್ಗೆ ಮಂತ್ರಿ ಒಂದು ಸಲ ಬಾಯಿಬಿಟ್ಟರೆ ಆ ದಿನಾಂಕವನ್ನು ಗುರುತು ಹಾಕಿಕೊಂಡು ಮೂರು ತಿಂಗಳಿಗೆ ಸರಿಯಾಗಿ ಶಾಸಕರ ಮನೆ ಬಾಗಿಲು ತಟ್ಟಬೇಕು. ಇದನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಭರವಸೆಗಳು ಕಡತದಲ್ಲಿ ಕೊಳೆಯುತ್ತವೆ.

ಮುಂಬಯಿಯಲ್ಲಿ ಈ ಕೆಲಸದ ತೂಕ ಇನ್ನೂ ಹೆಚ್ಚು. 2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಒಬ್ಬರೇ ಒಬ್ಬ ನಗರಸೇವಕರಿರಲಿಲ್ಲ. 227 ವಾರ್ಡುಗಳ ಗಟಾರ, ನೀರು, ಕಸ, ದವಾಖಾನೆ ಎಲ್ಲವನ್ನೂ ಆಡಳಿತಾಧಿಕಾರಿಯೇ ನಡೆಸಿದರು. ಪಾಲಿಕೆ ಸಭೆಯಲ್ಲಿ ಏಳಬೇಕಾದ ಮಾತು ಏಳಲು ಜಾಗವೇ ಇಲ್ಲದಾಗ ಉಳಿದದ್ದು ವಿಧಾನಸಭೆಯೊಂದೇ. ಗಲ್ಲಿಯ ಗುಂಡಿಗೂ ರಾಜ್ಯದ ಮಂತ್ರಿಯೇ ಜವಾಬು ಕೊಡಬೇಕಾದ ಸ್ಥಿತಿ ಪ್ರಜಾಪ್ರಭುತ್ವಕ್ಕೆ ಒಳ್ಳೆಯದಲ್ಲ.

ಕೊನೆಯದಾಗಿ ನಮ್ಮದೇ ಮನೆಯ ವಿಷಯ. ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಅತ್ತ ಜತ್ತ, ಅಕ್ಕಲಕೋಟೆ ಕಡೆ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಮಕ್ಕಳು ಕಡಿಮೆಯಾದರು, ಶಾಲೆ ಮುಚ್ಚುತ್ತಾರಂತೆ ಎಂಬ ಸುದ್ದಿ ಬಂದಾಗಲೆಲ್ಲ ನಾವು ಸಭೆ ಸೇರಿ ಮರುಗುತ್ತೇವೆ, ಬೆಂಗಳೂರಿಗೆ ಮನವಿ ಕಳಿಸುತ್ತೇವೆ. ಈ ಶಾಲೆಗಳ ಉತ್ತರದಾಯಿ ಬೆಂಗಳೂರಲ್ಲ, ಇಲ್ಲಿನ ಸರ್ಕಾರ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ಹಂತದಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು ಎನ್ನುತ್ತದೆ. ಯಾವ ಶಾಲೆಯಲ್ಲಿ ಎಷ್ಟು ಮಕ್ಕಳು, ಕನ್ನಡ ಬಲ್ಲ ಶಿಕ್ಷಕರು ಎಷ್ಟು, ಹುದ್ದೆ ಯಾವ ತಾರೀಕಿನಿಂದ ಖಾಲಿ, ಪಠ್ಯಪುಸ್ತಕ ಯಾವ ತಿಂಗಳು ಕೈ ಸೇರಿತು? ಇಷ್ಟನ್ನು ಮೊದಲು ಮಾಹಿತಿ ಹಕ್ಕಿನಲ್ಲಿ ಕೇಳಿ ತರಿಸಿಕೊಳ್ಳೋಣ. ಪೋಷಕರನ್ನು ಕೇಳಿ ತಾಳೆ ನೋಡೋಣ. ಆಮೇಲೆ ಶಾಸಕರ ಬಳಿ ಹೋಗೋಣ. ನಮ್ಮ ಕ್ಷೇತ್ರದ ಆಮದಾರರು ಒಪ್ಪದಿದ್ದರೆ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರದಿಂದ ಬಂದ ಸದಸ್ಯರಿದ್ದಾರೆ, ಅವರಿಗೆ ಇದು ನೇರ ಸಂಬಂಧಪಟ್ಟ ವಿಷಯ.

ಅಧಿವೇಶನ ಶುರುವಾದ ಮೇಲೆ ಓಡಿದರೆ ತಡವಾಗುತ್ತದೆ, ಪ್ರಶ್ನೆಯ ಸೂಚನೆಯನ್ನು ವಾರಗಳ ಮೊದಲೇ ಕೊಡಬೇಕು. ಪ್ರಶ್ನೆ ಸಾಮಾನ್ಯವಾಗಿ ಮರಾಠಿಯಲ್ಲೇ ಇರುತ್ತದೆ, ಅದೂ ಸರ್ಕಾರಿ ಮರಾಠಿಯಲ್ಲಿ. ಅದಕ್ಕೆ ಅಳುಕಬೇಕಿಲ್ಲ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗ ಹುಡುಗಿಯರಲ್ಲಿ ವಕೀಲರಿದ್ದಾರೆ, ಶಿಕ್ಷಕಿಯರಿದ್ದಾರೆ, ಅವರ ಮರಾಠಿ ನಮ್ಮದಕ್ಕಿಂತ ಎಷ್ಟೋ ಚೆನ್ನಾಗಿದೆ. ಅಂಥ ನಾಲ್ಕು ಮಂದಿ ಈ ಸಭೆ ಮುಗಿಯುವ ಮೊದಲು ತಮ್ಮ ಹೆಸರು, ಫೋನ್ ನಂಬರನ್ನು ಕಾರ್ಯದರ್ಶಿಗಳ ಹತ್ತಿರ ಬರೆಸಬೇಕೆಂದು ಕೇಳಿಕೊಳ್ಳುತ್ತೇನೆ. ಮಾಹಿತಿ ಹಕ್ಕಿನ ಅರ್ಜಿಯ ಕರಡನ್ನು ನಾನು ತಂದಿದ್ದೇನೆ, ಇವತ್ತೇ ಕೂತು ಶಾಲೆಗಳ ಪಟ್ಟಿ ತುಂಬೋಣ.