ಉಣ್ಣಲು ಇದ್ದೂ ಉಪವಾಸ

ಕೇಳುಗರಿಗೆಲ್ಲ ನಮಸ್ಕಾರ.

ಮಂಡ್ಯ ಕಡೆಯ ಭತ್ತದ ರೈತರಿಗೆ ಜಿಂಕ್ ಸಲ್ಫೇಟ್ ಹೊಸದೇನಲ್ಲ. ನಾಟಿಯಾದ ಕೆಲವು ವಾರಕ್ಕೆ ಎಲೆಯಲ್ಲಿ ಕಂದು ಚುಕ್ಕೆ ಬಿದ್ದು ಪೈರು ಮೇಲೇಳದಿದ್ದರೆ, ಸತು ಸಾಲದು ಎಂದು ಗೊಬ್ಬರದಂಗಡಿಯವರೇ ಹೇಳುತ್ತಾರೆ. ಇದೇ ಸತು ಮಿತಿಮೀರಿ ಬಿದ್ದು, ಅಮೆರಿಕದ ಪೆನ್ಸಿಲ್ವೇನಿಯಾದ ಪಾಮರ್ಟನ್ ಎಂಬ ಊರಿನಲ್ಲಿ ಬೆಟ್ಟದ ಕಾಡನ್ನೇ ಬೋಳು ಮಾಡಿತು. 1898ರಿಂದ 1980ರವರೆಗೆ ಅಲ್ಲಿ ಸತುವಿನ ಅದಿರು ಕರಗಿಸುತ್ತಿದ್ದರು. ಹೊಗೆಯೊಡನೆ ಸತು, ಸೀಸ, ಕ್ಯಾಡ್ಮಿಯಂ ಬಂದು ಕಾಡಿನ ನೆಲಕ್ಕೆ ಬಿದ್ದವು. ಗಂಧಕದ ಹೊಗೆಯ ಪಾಲೂ ಇತ್ತೆನ್ನಿ.

ಇಂಥ ಲೋಹಗಳ ವಿಷ ತಗಲಿದ ಮರ ಒಂದೇ ಏಟಿಗೆ ಸಾಯುವುದು ಅಪರೂಪ. ಅದು ಸೊರಗುವುದು ಹಸಿವಿನಿಂದ. ಪೋಷಕಾಂಶಗಳನ್ನು ಒಳಗೆ ಬಿಟ್ಟುಕೊಳ್ಳುವ ಪ್ರೋಟೀನುಗಳು ಬೇರಿನ ಕೋಶಗಳಲ್ಲಿವೆ. ಅವಕ್ಕೆ ಗುರುತು ಅಷ್ಟೇನೂ ನಿಖರವಾಗಿ ಸಿಗುವುದಿಲ್ಲ. ಬೇರೆಯವರ ಪಾಸು ಹಿಡಿದು ಜಂಬೂಸವಾರಿ ನೋಡಲು ಅರಮನೆಯೊಳಕ್ಕೆ ನುಗ್ಗುವವರ ಹಾಗೆ, ಕಬ್ಬಿಣ, ಸತು, ಕ್ಯಾಲ್ಸಿಯಂಗಳ ದಾರಿಯಲ್ಲೇ ಕ್ಯಾಡ್ಮಿಯಂ ಒಳಸೇರುತ್ತದೆ. ಆರ್ಸೆನಿಕ್ ರಂಜಕದ ದಾರಿ ಹಿಡಿಯುತ್ತದೆ. ನಿಕ್ಕಲ್ ಮಿತಿಮೀರಿದರೆ, ಮಣ್ಣಲ್ಲಿ ಕಬ್ಬಿಣವಿದ್ದರೂ ಚಿಗುರು ಹಳದಿಗಟ್ಟುತ್ತದೆ. ತಾಮ್ರ ಹೆಚ್ಚಾದರೆ ಬೇರಿನ ತುದಿಯೇ ಮೊಂಡಾಗುತ್ತದೆ.

ಹೊಲಕ್ಕಾದರೆ ಗೊಬ್ಬರ ಹಾಕಬಹುದು. ಕಾಡಿಗೆ ಯಾರು ಹಾಕುತ್ತಾರೆ? ಉದುರಿದ ತರಗೆಲೆ ಕೊಳೆತು ಮತ್ತೆ ಬೇರಿಗೆ ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದನ್ನು ಕೊಳೆಸುವವು ಶಿಲೀಂಧ್ರಗಳು, ಎರೆಹುಳುಗಳು, ಕಣ್ಣಿಗೆ ಕಾಣದ ನೂರಾರು ಜೀವಿಗಳು. ಲೋಹ ಮೊದಲು ಹೊಡೆಯುವುದು ಇವನ್ನೇ. ಪಾಮರ್ಟನ್ ಸುತ್ತ ತರಗು ಕೊಳೆಯದೆ ಪದರಪದರವಾಗಿ ಹಾಗೇ ಕೂತಿತು. ಸಾರವೆಲ್ಲ ಅದರಲ್ಲೇ ಇದೆ, ಮರಕ್ಕೆ ಮಾತ್ರ ಎಟುಕದು. ಇಡೀ ವಿಷಯದಲ್ಲಿ ನನಗೆ ದಿಗಿಲು ಹುಟ್ಟಿಸುವುದು ಇದೇ. ಸಾಲದ್ದಕ್ಕೆ, ಬೇರಿಗೆ ಅಂಟಿಕೊಂಡು ರಂಜಕ ತಂದುಕೊಡುವ ಶಿಲೀಂಧ್ರಗಳೂ ಕಡಿಮೆಯಾಗುತ್ತವೆ.

ಕೆನಡಾದ ಸಡ್ಬರಿಯಲ್ಲೂ ನಿಕ್ಕಲ್, ತಾಮ್ರದ ಕುಲುಮೆಗಳಿಂದ ಇದೇ ಗತಿಯಾಗಿತ್ತು. 1972ರಲ್ಲಿ ಅಲ್ಲಿ 381 ಮೀಟರ್ ಎತ್ತರದ ಚಿಮಣಿ ಕಟ್ಟಿದರು. ಹೊಗೆ ದೂರ ಹೋಯಿತು, ಅಷ್ಟೇ. ನಿಜವಾಗಿ ಕೆಲಸಕ್ಕೆ ಬಂದದ್ದು ಸುಣ್ಣದಕಲ್ಲಿನ ಪುಡಿ. 1978ರಿಂದ ಜನರೇ ಚೀಲ ಹೊತ್ತು ಬೋಳುಗುಡ್ಡಗಳ ಮೇಲೆ ಎರಚಿದರು. ಮಣ್ಣಿನ ಹುಳಿ ಇಳಿದು, ಲೋಹ ನೀರಿನಲ್ಲಿ ಕರಗುವುದು ತಗ್ಗಿತು. ಪುಡಿಯಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇರಿಗೆ ದಕ್ಕಿದವು. ಹುಲ್ಲು ಬಂತು, ಆಮೇಲೆ ಗಿಡ. ಲೋಹ ಮಾತ್ರ ಎಲ್ಲೂ ಹೋಗಿಲ್ಲ, ಆ ಮಣ್ಣಲ್ಲೇ ಇದೆ.

ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆ ಕಾರ್ಖಾನೆಗಳ ಆಸುಪಾಸಿನಲ್ಲಿ ಸಸಿ ನೆಡುವ ಗೆಳೆಯರಿಗೆ ಒಂದು ಮಾತು. ರೈತರಿಗೆ ಕೊಡುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿರುತ್ತವೆ: ಸಾರಜನಕದಿಂದ ಹಿಡಿದು ಸತು, ಬೋರಾನ್‌ವರೆಗೆ. ಸೀಸ, ಕ್ಯಾಡ್ಮಿಯಂ, ನಿಕ್ಕಲ್ ಅದರಲ್ಲಿಲ್ಲ. ಗೊಬ್ಬರ ಹಾಕಿಯೂ ಸಸಿಗಳು ಹಳದಿಯಾಗಿ ನಿಂತರೆ, ಇನ್ನೊಂದು ಬುಟ್ಟಿ ಗೊಬ್ಬರ ಸುರಿಯುವ ಮೊದಲು ಆ ಮೂರನ್ನೂ ಪ್ರತ್ಯೇಕವಾಗಿ ಕೇಳಿ ಪರೀಕ್ಷೆ ಮಾಡಿಸಿ.

ನಮಸ್ಕಾರ.